ಕೋಪನ್‌ಹೇಗನ್‌ನಲ್ಲಿ ಎಡಕ್ಕೆ ತಿರುಗುವುದು ಹೇಗೆ?

ಸೈಕಲ್ ಚೆನ್ನಾಗಿ ಬರುತ್ತೆ.
ಆದರೂ ಕೋಪನ್‌ಹೇಗನ್‌ನ ಸಿಗ್ನಲ್‌ನಲ್ಲಿ ಹೊಸಬರು ತಡಬಡಾಯಿಸುವುದೇಕೆ?

ಕಾರಣ, ಎಡ ತಿರುವು.

ನಮ್ಮಲ್ಲಿ ವಾಹನ ಎಡಕ್ಕೆ. ಡೆನ್ಮಾರ್ಕ್‌ನಲ್ಲಿ ಬಲಕ್ಕೆ.
ಸೈಕಲ್ ಪಥವೂ ಬಲಬದಿಗೇ.
ಎಡಕ್ಕೆ ಹೋಗಬೇಕಾದ ಸೈಕಲ್ ಸವಾರರು
ಕಾರುಗಳ ಹಾಗೆ ರಸ್ತೆ ನಡುವಿಗೆ ಬರುವಂತಿಲ್ಲ.

ಈ ಸವಾರಳನ್ನು ನೋಡಿ.
ಹಸಿರು ಬಿತ್ತು, ನೇರ ದಾಟಿದಳು.
ಕೈ ಎತ್ತಿ, ಆಚೆ ಮೂಲೆಯಲ್ಲಿ ನಿಂತಳು.
ಹ್ಯಾಂಡಲ್ ಎಡಕ್ಕೆ ತಿರುಗಿಸಿದಳು.
ಆ ದಿಕ್ಕಿಗೆ ಹಸಿರು ಬಂದ ಮೇಲಷ್ಟೇ ಹೊರಟಳು.

ನಿಲ್ಲುವ ಮುನ್ನ ಕೈ ಎತ್ತಿದ್ದು ಗಮನಿಸಿದಿರಾ?
ಹಿಂದೆ ಬರುವವರಿಗೆ ಅದೇ ಬ್ರೇಕ್ ಲೈಟ್.
ಬೆಳಗಿನ ದಟ್ಟಣೆಯಲ್ಲಿ ಇದನ್ನು ಮರೆಯಲೇಬಾರದು.

ನಿಧಾನದವರು ಬಲಕ್ಕೆ. ಹಿಂದಿಕ್ಕುವವರು ಎಡದಿಂದ.
ಫೋಟೊ ಬೇಕೇ? ಇಳಿದು, ಸೈಕಲ್ಲನ್ನು ಫುಟ್‌ಪಾತ್‌ಗೆ ತಳ್ಳಿಕೊಂಡು ಹೋಗಿ.

ಇನ್ನು ನೋರೆಬ್ರೋಗೇಡ್ ರಸ್ತೆ. ಇದು ನಿಜಕ್ಕೂ ಸೊಗಸು.
ಬೆಳಗಿನ ಹೊತ್ತು, ನಗರ ಕೇಂದ್ರದ ಕಡೆಗೆ,
ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತುಳಿಯುತ್ತಾ ಹೋದರೆ
ಸಿಗ್ನಲ್‌ಗಳು ಒಂದಾದ ಮೇಲೊಂದು ಹಸಿರಾಗುತ್ತವೆ.
ಕಾರಿನ ವೇಗಕ್ಕಲ್ಲ, ಪೆಡಲ್ ತುಳಿಯುವ ಕಾಲಿನ ವೇಗಕ್ಕೆ ಹೊಂದಿಸಿದ ದೀಪಗಳಿವು.
ಸೈಕಲ್ ಸವಾರರಿಗೆ ಒಂದು ನಗರ ಕೊಡಬಹುದಾದ ದೊಡ್ಡ ಗೌರವ ಇದು.

ಕಾಲು ಸೋತಿತೇ?
ಎಸ್-ಟ್ರೇನ್ ಎಂಬ ಉಪನಗರ ರೈಲಿನಲ್ಲಿ ಸೈಕಲ್‌ಗೆ 2010ರಿಂದ ಟಿಕೆಟ್ಟೇ ಇಲ್ಲ.
ಮೆಟ್ರೊದಲ್ಲಾದರೆ ಬೇಕು.

ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಪೆಡಲನ್ನು ಒಮ್ಮೆ ಹಿಂದಕ್ಕೆ ತುಳಿದು ನೋಡಿ.
ಅಲ್ಲಿನ ಅನೇಕ ಸೈಕಲ್‌ಗಳಿಗೆ ಹಿಂದಿನ ಬ್ರೇಕ್ ಇರುವುದು ಪೆಡಲ್‌ನಲ್ಲೇ.
ಕತ್ತಲಾದ ಮೇಲೆ ಹಿಂದೆ, ಮುಂದೆ ದೀಪ ಕಡ್ಡಾಯ.
ಎರಡೂ ಉರಿಯುತ್ತವೆಯೇ, ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಿ.