ಗ್ಯಾರೇಜಿನಿಂದ ಮನೆಗೆ ಬರುವ ಸೀಸ

ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ಕಲ್ಯಾಣ್–ಶಿಳ್ ರಸ್ತೆ, ನವಿಮುಂಬಯಿಯ ತುರ್ಭೆ, ಕಳಂಬೋಲಿ. ಲಾರಿ, ರಿಕ್ಷಾ ನಿಲ್ಲುವ ಕಡೆಯೆಲ್ಲ ರಿಪೇರಿ ಅಂಗಡಿಗಳಿವೆ. ಒಬ್ಬ ಉಸ್ತಾದ, ಇಬ್ಬರು ಮೂವರು ಹುಡುಗರು, ಮೇಲೆ ತಗಡಿನ ಮಾಡು. ಊರಿಂದ ಬಂದ ಹುಡುಗ ಇಂಥಲ್ಲಿ ಸೇರಿದ ಎಂದರೆ ಜ್ಯಾಕ್ ಜಾರೀತು, ಟೈರ್ ಸಿಡಿದೀತು ಎಂದು ಮನೆಯವರು ಹೆದರುತ್ತಾರೆ. ಸೀಸಕ್ಕೆ ಹೆದರುವವರನ್ನು ಕಾಣೆ.

ಹೆದರಲು ಕಾರಣವಿದೆ. ಆಗಿನ ಬಿಜಾಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಡೋಂಗ್ರೆ ಮತ್ತು ಸಂಗಡಿಗರು ಉತ್ತರ ಕರ್ನಾಟಕದ ವಾಹನ ರಿಪೇರಿ ಕೆಲಸಗಾರರ ರಕ್ತ ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಬೇರೆಯವರಿಗೆ ಹೋಲಿಸಿದರೆ ಇವರ ರಕ್ತದಲ್ಲಿ ಸೀಸ ಹೆಚ್ಚು, ರಕ್ತದೊತ್ತಡ ಹೆಚ್ಚು, ಹಿಮೋಗ್ಲೋಬಿನ್ ಕಡಿಮೆ. ಇಲ್ಲಿನ ಗ್ಯಾರೇಜುಗಳಲ್ಲಿ ನಡೆಯುವುದೂ ಅದೇ ಕೆಲಸ.

ಪೆಟ್ರೋಲಿನಿಂದ ಸೀಸವನ್ನು 2000ದಲ್ಲೇ ತೆಗೆದರಲ್ಲ ಎನ್ನಬಹುದು. ಅದಕ್ಕೆ ಸ್ವಲ್ಪ ಮೊದಲು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ಮುಂಬಯಿಯೂ ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿ, ಮಕ್ಕಳ ಮೈಯಲ್ಲಿ ಎಷ್ಟು ಸೀಸ ಸೇರಿದೆ ಎಂದು ತೋರಿಸಿದ್ದರು. ಹೊಗೆಯ ಸೀಸ ಹೋಯಿತು, ಬ್ಯಾಟರಿಯ ಸೀಸ ಉಳಿಯಿತು. ವಾಹನದ ಸಾಮಾನ್ಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಸೀಸ ಕರಗಲು 327 ಡಿಗ್ರಿ ಸಾಕು, ಸಣ್ಣ ಒಲೆಯಲ್ಲೂ ಕರಗುತ್ತದೆ. ಒಡೆದ ಬ್ಯಾಟರಿಯ ಫಲಕದ ಪುಡಿ, ಹಳೆಯ ರೇಡಿಯೇಟರಿನ ಬೆಸುಗೆ, ಹಳೆಯ ಬಣ್ಣವನ್ನು ಪಾಲಿಶ್ ಪೇಪರಿನಿಂದ ಉಜ್ಜುವಾಗ ಏಳುವ ಧೂಳು ಎಲ್ಲದರಲ್ಲೂ ಸೀಸ ಇರಬಹುದು. ಅರ್ಧ ಮೂಗಿನ ದಾರಿ, ಇನ್ನರ್ಧ ಬಾಯಿಯ ದಾರಿ. ಕೈಗೆ ಹತ್ತಿದ ಗ್ರೀಸನ್ನು ಪೆಟ್ರೋಲಿನಲ್ಲಿ ತೊಳೆದು ಅದೇ ಅಂಗೈಯಲ್ಲಿ ತಂಬಾಕು ತಿಕ್ಕಿದರೆ ಮುಗಿಯಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡವನೂ ತಂಬಾಕಿನ ಕೈಯನ್ನು ಮರೆಯುತ್ತಾನೆ.

ಮೈಗೆ ಇದು ಸುಣ್ಣದ ವೇಷದಲ್ಲಿ ಹೊಕ್ಕುತ್ತದೆ. ಕ್ಯಾಲ್ಸಿಯಂ ಎಂದೇ ಭ್ರಮಿಸಿ ಮೂಳೆ ಅದನ್ನು ಹತ್ತಾರು ವರ್ಷ ಇಟ್ಟುಕೊಳ್ಳುತ್ತದೆ. ರಕ್ತದಲ್ಲಿ ಮಾತ್ರ ತಿಂಗಳೊಂದರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಕೆಲಸ ಬಿಟ್ಟು ವರ್ಷವಾದವನ ರಕ್ತ ಪರೀಕ್ಷೆ ಪೂರ್ತಿ ಕತೆ ಹೇಳಲಾರದು. ಲಕ್ಷಣಗಳೂ ಮೋಸ ಮಾಡುವಂಥವು: ಹೊಟ್ಟೆನುಲಿತ, ಮಲಬದ್ಧತೆ, ಸುಸ್ತು, ತಲೆನೋವು, ಸಿಡುಕು. ಹೊರಗಿನ ವಡಾಪಾವ್ ಮೇಲೆ ತಪ್ಪು ಹೊರಿಸಿ ಗ್ಯಾಸಿನ ಗುಳಿಗೆ ನುಂಗುವುದು ಸುಲಭ. ರಕ್ತಹೀನತೆ ಕಂಡರೆ ಕಬ್ಬಿಣದ ಮಾತ್ರೆ ಬರುತ್ತದೆ, ಆದರೆ ಹಿಮೋಗ್ಲೋಬಿನ್ ತಯಾರಾಗುವ ಹಾದಿಯನ್ನೇ ಸೀಸ ಕಟ್ಟಿಹಾಕಿರುತ್ತದೆ. ಏನು ಕೆಲಸ ಮಾಡುತ್ತೀಯಪ್ಪ ಎಂದು ವೈದ್ಯರು ಕೇಳದಿದ್ದರೆ ರೋಗಿಯೇ ಹೇಳಬೇಕು.

ಮಕ್ಕಳ ವಿಷಯ ಇನ್ನೂ ಗಂಭೀರ. ನುಂಗಿದ ಸೀಸವನ್ನು ಅವರ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು. ಹೊಡೆತ ಬೀಳುವುದು ಬೆಳೆಯುವ ಮೆದುಳಿಗೆ. ಅಪ್ಪ ಕೆಲಸದ ಅಂಗಿಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ, ಆ ಅಂಗಿ ಮನೆಯವರ ಬಟ್ಟೆಯ ಜತೆ ಒಂದೇ ಬಕೆಟ್ಟಿಗೆ ಬಿದ್ದರೆ, ಪುಡಿ ಹತ್ತಡಿಯ ಕೋಣೆಯಲ್ಲೇ ಉಳಿಯುತ್ತದೆ. ಸೆನೆಗಲ್ ದೇಶದ ಡಕಾರ್ ಬಳಿ ಹಳೆಯ ಬ್ಯಾಟರಿ ಒಡೆಯುತ್ತಿದ್ದ ಒಂದು ಬಡಾವಣೆಯಲ್ಲಿ 2007–08ರಲ್ಲಿ ಕೆಲವೇ ತಿಂಗಳಲ್ಲಿ 18 ಮಕ್ಕಳು ಸತ್ತರು.

1948ರ ಕಾರ್ಖಾನೆ ಕಾಯ್ದೆಯಲ್ಲೇ ಸೀಸದ ವಿಷಬಾಧೆ ಸರಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಾಗಿತ್ತು. ಮೂವರು ದುಡಿಯುವ ಗ್ಯಾರೇಜು ಕಾರ್ಖಾನೆಯ ಲೆಕ್ಕಕ್ಕೇ ಬರಲಿಲ್ಲ. ಬ್ಯಾಟರಿಗಳ ಬಗ್ಗೆಯೂ 2001ರಲ್ಲಿ, ಮತ್ತೆ 2022ರಲ್ಲಿ ನಿಯಮಗಳು ಬಂದವು. ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ನಾವು ಮಾತ್ರ ಸೊಸೈಟಿಯ ಗೇಟಿಗೆ ಬಂದ ಭಂಗಾರದವನು ನೂರು ರೂಪಾಯಿ ಹೆಚ್ಚು ಕೊಟ್ಟರೆ ಕಾರಿನದನ್ನೂ ಇನ್ವರ್ಟರಿನದನ್ನೂ ಅವನಿಗೇ ಕೊಡುತ್ತೇವೆ. ಅದನ್ನು ಒಡೆಯುವವನು ಯಾರೆಂದು ಕೇಳುವುದಿಲ್ಲ.

ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿಪಿ ನೋಡುತ್ತಾರೆ. ಗ್ಯಾರೇಜಿನವರಿಗಾಗಿ ರಕ್ತದ ಸೀಸದ ಪರೀಕ್ಷೆಯನ್ನೂ ಒಮ್ಮೆ ಇಡಬಹುದು. ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಶಿಬಿರವನ್ನು ಭಾನುವಾರವೇ ಇಡಬೇಕು, ಬೇರೆ ದಿನ ಉಸ್ತಾದ ರಜೆ ಕೊಡುವುದಿಲ್ಲ. ಹೆಂಡತಿ ಮಕ್ಕಳನ್ನೂ ಕರೆತರಲು ಹೇಳಬೇಕು.