ಹೂವಿನ ಬಣ್ಣ ಬಿಡಿ, ಅಡಿ ನೋಡಿ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಈಶಾನ್ಯ ರಾಜ್ಯಗಳ ಬೀಳುಭೂಮಿ, ಹಳ್ಳದಂಚು, ರಸ್ತೆಬದಿಗಳಲ್ಲೆಲ್ಲ ಹಳದಿ ಗೋಲ್ಡನ್‌ರಾಡ್ ಜತೆಗೆ ನೇರಳೆ ಆಸ್ಟರ್ ಅರಳುತ್ತದೆ. ಆದರೆ ಅಲ್ಲಿ ಕಾಡು ಆಸ್ಟರ್‌ಗಳು ಹತ್ತಾರು ಬಗೆ. ಅವುಗಳಲ್ಲಿ ಅತ್ಯಂತ ಚೆಲುವಾದದ್ದು, ನನ್ನ ಲೆಕ್ಕದಲ್ಲಿ, ನ್ಯೂ ಇಂಗ್ಲೆಂಡ್ ಆಸ್ಟರ್. ಅದನ್ನು ಗುರುತಿಸಲು ಬಣ್ಣವನ್ನು ನೆಚ್ಚಿಕೊಳ್ಳಬೇಡಿ. ಒಂದೇ ಜಾತಿಯಲ್ಲಿ ಕಡುನೇರಳೆಯೂ ಉಂಟು, ಗುಲಾಬಿಯೂ ಉಂಟು, ಅಪರೂಪಕ್ಕೆ ಬಿಳಿಯೂ ಸಿಗುತ್ತದೆ.

ನಾವು ಒಂದು ಹೂವೆಂದುಕೊಳ್ಳುವುದು, ಸೇವಂತಿಗೆಯಲ್ಲಿರುವಂತೆ, ಅನೇಕ ಕಿರುಹೂಗಳ ತಲೆ. ಅಂಚಿನಲ್ಲಿ ಎಸಳಿನಂತೆ ಕಾಣುವ ಕಿರುಹೂಗಳು ನ್ಯೂ ಇಂಗ್ಲೆಂಡ್ ಆಸ್ಟರ್‌ನಲ್ಲಿ ಸಾಮಾನ್ಯವಾಗಿ 50ರಿಂದ 75, ಕೆಲವೊಮ್ಮೆ 100 ದಾಟುತ್ತವೆ. ನಡುವಿನ ಹಳದಿ ಕಿರುಹೂಗಳು ವಯಸ್ಸಾದಂತೆ ಕೆಂಪಿಗೆ ತಿರುಗುತ್ತವೆ. ಎಲೆಗಳಿಗೆ ತೊಟ್ಟಿಲ್ಲ, ಬುಡದ ಎರಡು ಕಿವಿಗಳು ಕಾಂಡವನ್ನು ತಬ್ಬಿಕೊಂಡಿರುತ್ತವೆ.

ಇಷ್ಟಕ್ಕೇ ಹೆಸರು ಹೇಳಿಬಿಟ್ಟರೆ ತಪ್ಪುವ ಸಾಧ್ಯತೆ ಇದೆ. ಜೌಗಿನಲ್ಲಿ ಬೆಳೆಯುವ ಜೌಗು ಆಸ್ಟರ್‌ನ ಎಲೆಗಳೂ ಹೀಗೇ ಕಾಂಡವನ್ನು ತಬ್ಬುತ್ತವೆ, ಅದರ ಎಸಳುಗಳ ಸಂಖ್ಯೆಯೂ 60ರವರೆಗೆ ಹೋಗಬಲ್ಲದು. ಹಾಗಾಗಿ ಹೂವನ್ನು ಬಗ್ಗಿಸಿ ಅದರ ಅಡಿ ನೋಡಿ. ನ್ಯೂ ಇಂಗ್ಲೆಂಡ್ ಆಸ್ಟರ್ ಆದರೆ ಹೂದಲೆಯನ್ನು ಹಿಡಿದಿರುವ ಕಿರಿದಾದ ಹಸಿರು ಎಸಳೆಲೆಗಳ ಮೇಲೆ, ಹೂದಲೆಯ ತೊಟ್ಟಿನ ಮೇಲೆ ಸಣ್ಣ ರೋಮಗಳಿರುತ್ತವೆ. ಭೂತಗನ್ನಡಿಯಲ್ಲಿ ರೋಮಗಳ ತುದಿಯಲ್ಲಿ ಮಣಿಯಂಥ ಗ್ರಂಥಿ ಕಾಣುತ್ತದೆ. ಬೆರಳಿಗೆ ಅಂಟಂಟು, ಮೂಸಿದರೆ ಟರ್ಪೆಂಟೈನ್ ನೆನಪಿಸುವ ವಾಸನೆ. ಜೌಗು ಆಸ್ಟರ್‌ಗೆ ಈ ಗ್ರಂಥಿಗಳಿಲ್ಲ. ನನಗೆ ಇದಕ್ಕಿಂತ ಗಟ್ಟಿಯಾದ ಗುರುತು ಬೇರೆ ಬೇಡ.

ಹಳೆಯ ಕೈಪಿಡಿಗಳಲ್ಲಿ ನ್ಯೂ ಇಂಗ್ಲೆಂಡ್ ಆಸ್ಟರ್‌ನ ಹೆಸರು ಆಸ್ಟರ್ ನೋವೆ-ಆಂಗ್ಲಿಯೆ, 1753ರಲ್ಲಿ ಲಿನೇಯಸ್ ಇಟ್ಟದ್ದು. 1994ರಲ್ಲಿ ಸಸ್ಯವಿಜ್ಞಾನಿ ಗೈ ನೆಸಮ್ ಅಮೆರಿಕದ ಬಹುಪಾಲು ಆಸ್ಟರ್‌ಗಳನ್ನು ಯುರೋಪ್-ಏಷ್ಯಾದ ಕುಲದಿಂದ ಬೇರ್ಪಡಿಸಿದರು. ಈ ಗಿಡ ಸಿಂಫಿಯೋಟ್ರೈಕಮ್ ಕುಲಕ್ಕೆ ಸೇರಿತು. ನಮ್ಮ ಹೂವಿನ ಮಾರುಕಟ್ಟೆಯ ಆಸ್ಟರ್ ಇನ್ನೂ ಬೇರೆಯದೇ ಕುಲದ್ದು, ಚೀನಾ ಮೂಲದ್ದು.

ಮೆಕ್ಸಿಕೊಗೆ ವಲಸೆ ಹೊರಟ ಮೊನಾರ್ಕ್ ಚಿಟ್ಟೆಗಳಿಗೆ, ಚಳಿಗೆ ಮುನ್ನ ಮಕರಂದ ಹುಡುಕುವ ದುಂಬಿಗಳಿಗೆ ನ್ಯೂ ಇಂಗ್ಲೆಂಡ್ ಆಸ್ಟರ್ ಆ ವರ್ಷದ ಕೊನೆಯ ಊಟಗಳಲ್ಲೊಂದು. ಆ ಕಡೆ ನೆಲೆಸಿರುವ ಕನ್ನಡಿಗರು ಶರತ್ಕಾಲದಲ್ಲಿ ಆಸ್ಟರ್ ಕಂಡರೆ, ಮೇಲಿನಿಂದ ಒಂದು ಚಿತ್ರ ತೆಗೆದು ಮುಂದೆ ಹೋಗಬೇಡಿ. ಹೂವಿನ ಅಡಿಯದೊಂದು, ಎಲೆ ಕಾಂಡಕ್ಕೆ ಸೇರುವ ಜಾಗದ್ದೊಂದು ಚಿತ್ರವನ್ನೂ ತೆಗೆಯಿರಿ. ಗಿಡವನ್ನು ಮಾತ್ರ ಕೀಳಬೇಡಿ.