ನಿಮಗಿದು ಗೊತ್ತೆ? ಕುಲ್ಲುವಿಗೆ ದೇವರೇ ದೊರೆ, ಹಿಡಿಂಬೆಯೇ ಅಜ್ಜಿ

ಮೈಸೂರಿನಲ್ಲಿ ಜಂಬೂಸವಾರಿ ಹೊರಡುವ ವಿಜಯದಶಮಿಯಂದೇ ಹಿಮಾಚಲದ ಕುಲ್ಲುವಿನಲ್ಲಿ ದಸರಾ ಶುರುವಾಗುತ್ತದೆ! ಅಲ್ಲಿಂದ ಏಳು ದಿನ ಹಬ್ಬ. ಇದರ ಹಿಂದಿರುವುದು ಬಿಯಾಸ್ ನದಿ ಕಣಿವೆಯ ಪುಟ್ಟ ರಾಜ್ಯವೊಂದರ ಕಥೆ.

17ನೇ ಶತಮಾನದಲ್ಲಿ ಇಲ್ಲಿ ಜಗತ್ ಸಿಂಗ್ ಎಂಬ ಅರಸನಿದ್ದ. ಬಡ ಬ್ರಾಹ್ಮಣನೊಬ್ಬನ ಬಳಿ ಮುತ್ತುಗಳಿವೆ ಎಂಬ ಚಾಡಿಮಾತು ನಂಬಿ ಅವನ್ನು ಕೊಡುವಂತೆ ಪೀಡಿಸಿದ. ಇಲ್ಲದ ಮುತ್ತನ್ನು ಎಲ್ಲಿಂದ ತರುವುದು? ಆತ ಮನೆಗೆ ಬೆಂಕಿಯಿಟ್ಟುಕೊಂಡು ಸಂಸಾರಸಮೇತ ಸತ್ತ. ಅಂದಿನಿಂದ ಅರಸನ ತಟ್ಟೆಯ ಅನ್ನ ಹುಳುಗಳಂತೆ, ಕುಡಿಯುವ ನೀರು ರಕ್ತದಂತೆ ಕಾಣತೊಡಗಿತು ಎನ್ನುತ್ತದೆ ಐತಿಹ್ಯ. ಪಾಪ ಕಳೆಯಲು ಅಯೋಧ್ಯೆಯಿಂದ ರಘುನಾಥನ ಮೂರ್ತಿ ತರಿಸಿ, ರಾಜ್ಯವನ್ನೇ ದೇವರಿಗೆ ಒಪ್ಪಿಸಿದ. ತಾನು ಬೆತ್ತ ಹಿಡಿದು ನಿಲ್ಲುವ ಸೇವಕನಾದ. ಅರಸುಮನೆತನದ ಹಿರಿಯರು ಈಗಲೂ ಆ ಸೇವೆ ಸಲ್ಲಿಸುತ್ತಾರೆ.

ನಮಗೆ ಇನ್ನಷ್ಟು ಹತ್ತಿರವೆನಿಸುವ ಸಂಗತಿಯೆಂದರೆ, ಭೀಮನ ಮಡದಿ ಹಿಡಿಂಬೆಯನ್ನು ಈ ರಾಜವಂಶ ಅಜ್ಜಿಯೆಂದೇ ಗೌರವಿಸುತ್ತದೆ. ಮನಾಲಿಯಲ್ಲಿ ದೇವದಾರು ಮರಗಳ ನಡುವೆ ಆಕೆಗೆ ಮರದ ಗುಡಿ ಕಟ್ಟಿಸಿದವನು ಇದೇ ವಂಶದ ಬಹಾದೂರ್ ಸಿಂಗ್, 1553ರಲ್ಲಿ. ಆಕೆಯ ಪಲ್ಲಕ್ಕಿ ಬಂದ ಮೇಲೆಯೇ ದಸರೆಗೆ ಚಾಲನೆ. ಬಳಿಕ ಢಾಲಪುರ ಮೈದಾನದಲ್ಲಿ ಜನ ಹಗ್ಗ ಹಿಡಿದು ರಘುನಾಥನ ಮರದ ತೇರನ್ನು ಎಳೆಯುತ್ತಾರೆ. ರಾವಣನ ಪ್ರತಿಕೃತಿ ಇಲ್ಲಿಲ್ಲ. ಕೊನೆಯ ದಿನ ನದಿದಂಡೆಯಲ್ಲಿ ಹುಲ್ಲು, ಮುಳ್ಳುಕಂಟಿಗಳ ರಾಶಿ ಸುಡುವುದೇ ಲಂಕಾದಹನ.

1846ರಲ್ಲಿ ಕುಲ್ಲು ಬ್ರಿಟಿಷರ ಪಾಲಾಯಿತು. ಅರಸೊತ್ತಿಗೆ ಹೋದರೂ ರಘುನಾಥನ ತೇರು ನಿಲ್ಲಲಿಲ್ಲ.